ಓದದೆ ಬಿಟ್ಟ ಒಂದು ಸಾಲು

ಅತ್ತಿಗೆ, ಅದು ಶರಬತ್ತಾಗಿರಲಿಲ್ಲ. ವೈನ್. ಗೊತ್ತಿದ್ದೂ ನಿಮ್ಮ ಕೈಯಿಂದ ಅದನ್ನು ನಮ್ಮ ಗುರು ಅಯ್ಯನವರಿಗೆ ಕೊಡಿಸಿದೆ. ಕೊಡಿಸಿದೆ ಅನ್ನುವುದಕ್ಕಿಂತ, ನೀವು ಕೊಡುವಾಗ ಸುಮ್ಮನೆ ನಿಂತಿದ್ದೆ — ಎರಡಕ್ಕೂ ವ್ಯತ್ಯಾಸ ಇದೆಯೇನೋ ಎಂದು ಇಷ್ಟು ವರ್ಷ ಹುಡುಕಿದೆ. ಸಿಗಲಿಲ್ಲ.

ಬಾಟಲಿ ತಂದವಳು ಸ್ಟೆಲ್ಲಾ, ನನ್ನ ಕಾನ್ವೆಂಟಿನ ಗೆಳತಿ. ಗದ್ವಾಲಕ್ಕೆ ಸೀರೆ ಕೊಳ್ಳಲು ಹೊರಟವಳು ದಾರಿಯಲ್ಲಿ ಮಕ್ತಲದ ನಮ್ಮ ಮನೆಯಲ್ಲಿ ಒಂದು ತಾಸು ಕೂತು, ಹೋಗುವಾಗ ಟವೆಲಿನಲ್ಲಿ ಸುತ್ತಿದ್ದನ್ನು ನನ್ನ ಕೈಗಿಟ್ಟಳು. ಆಸ್ಟ್ರೇಲಿಯಾದ ಕೆಳಗೆ ಯಾವುದೋ ಚಳಿಯ ದ್ವೀಪದಲ್ಲಿ ಅವಳ ಗಂಡನ ಮನೆಯವರದೇ ದ್ರಾಕ್ಷಿ ತೋಟ, ಅವರದೇ ವೈನರಿ. “ಶಾರ್ಡೊನೆ, ಡಾರ್ಲಿಂಗ್. ಚಿಲ್ ಮಾಡಿ ಕುಡಿ, ನನ್ನ ನೆನೆಸಿಕೋ.” ಡಾರ್ಲಿಂಗ್ — ನನ್ನನ್ನು ಹಾಗೆ ಕರೆಯುವವರು ಇನ್ಯಾರೂ ಉಳಿದಿರಲಿಲ್ಲ. ಒಂದೇ ಗ್ಲಾಸು, ಕಿಟಕಿಯ ಹತ್ತಿರ ಕೂತು… ಅಷ್ಟೇ ನನ್ನ ಆಸೆ. ಫ್ರಿಜ್ಜಿನಲ್ಲಿ ಮಜ್ಜಿಗೆ ತಂಬಿಗೆಯ ಹಿಂದೆ ಇಟ್ಟೆ.

ನಿಮ್ಮ ಕಣ್ಣಿಗೆ ಬಿತ್ತು. “ಏನ್ ವಿಮಲಾ ಇದು? ಓದು ನೋಡೂಣು. ಊರ ಹುಡುಗರಿಗೆಲ್ಲ ಇಂಗ್ಲಿಷ್ ಕಲಿಸಿದಿ, ಮನಿಗೂ ಒಂದಿಷ್ಟು ಉಪಯೋಗ ಆಗಲಿ.”

ಓದಿದೆ. ಒಂದೇ ಮನೆತನದವರು ಬೆಳೆದು ಮಾಡಿದ್ದು — ಖರೆ. ತಂಪು ನಾಡಿನ ದ್ರಾಕ್ಷಿ — ಖರೆ. ಹಸಿರು ಸೇಬು, ನಿಂಬೆಸಿಪ್ಪೆಯ ಪರಿಮಳ — ಅದೂ ಖರೆ. ಕೆಳಗಿನ ಒಂದು ಸಾಲು, ಆಲ್ಕೊಹಾಲ್ ಎಷ್ಟಿದೆ ಎಂದು ಹೇಳುವ ಸಾಲು, ಬಿಟ್ಟೆ.

“ಹಂಗಾರ ದ್ರಾಕ್ಷಿ ಶರಬತ್ತು ಅನ್ನು.”

“ಹೂಂ,” ಅಂದೆ.

ಅಣ್ಣ ಕುಡಿದೇ ಸತ್ತ. ಅವನ ಮಣ್ಣು ಮುಗಿಸಿ ಬಂದ ದಿನ ಕೊರಳ ಲಿಂಗ ಹಿಡಿದು ಹೇಳಿದ್ದಿರಿ — ಇನ್ನು ಈ ಹೊಸ್ತಿಲು ಒಂದು ಹನಿಯೂ ದಾಟಬಾರದು, ತಂದವರು ಯಾರೇ ಇರಲಿ, ಹೊರಗೆ. ಮದುವೆಯಾಗದ ನಾದಿನಿ ನಾನು. ಪೆನ್ಶನ್ ಇತ್ತು, ಇನ್ನೊಂದು ಹೊಸ್ತಿಲು ಇರಲಿಲ್ಲ. ಇಲ್ಲ, ಇದನ್ನು ನೆಪ ಮಾಡುತ್ತಿಲ್ಲ. ಐ ವಾಸ್ ಅ ಕವರ್ಡ್ — ಹೆದರುಪುಕ್ಕಿ, ಅಷ್ಟೇ.

ಮರುದಿನವೇ ತೆಲಂಗಾಣ ಪ್ರತ್ಯೇಕ ರಾಜ್ಯವಾಯಿತು. ಸೋಮವಾರ. ಬೀದಿಯಲ್ಲಿ ಪಟಾಕಿ, ಗುಲಾಲು. ಆ ಗದ್ದಲ ದಾಟಿಕೊಂಡು ನಮ್ಮ ಮನೆತನದ ಜಂಗಮರು, ಅಯ್ಯನವರು, ಕೆ.ಟಿ. ದೊಡ್ಡಿಯಿಂದ ಪಾದಪೂಜೆಗೆ ಬಂದರು. ಬಿಸಿಲಲ್ಲಿ ಬಂದವರಿಗೆ ತಂಪಾಗಲಿ ಎಂದು ನೀವು ಬೆಳ್ಳಿ ಲೋಟ ತೆಗೆದಿರಿ. ಬಾಟಲಿಯ ಮುಚ್ಚಳ ತಿರುಗಿದ ಸದ್ದು ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲೇ ಇದ್ದೆ. ‘ಬ್ಯಾಡ್ರಿ ಅತ್ತಿಗೆ’ — ಎರಡೇ ಮಾತು. ಸಾಕಿತ್ತು. ಪಕ್ಕಕ್ಕೆ ಸರಿದು ನಿಮಗೆ ದಾರಿ ಬಿಟ್ಟೆ.

ಅಯ್ಯನವರು ಒಂದು ಗುಟುಕು ಕುಡಿದು ನಿಲ್ಲಿಸಿದರು. ನಿಮ್ಮನ್ನು ನೋಡಲಿಲ್ಲ — ನನ್ನನ್ನು ನೋಡಿದರು. ಲೋಟ ಕೆಳಗಿಟ್ಟು, ಊಟಕ್ಕೂ ಕೂರದೆ ಎದ್ದರು. ಅವರು ಮರೆತ ಕೊಡೆ ಹಿಡಿದು ಅಂಗಳಕ್ಕೆ ಓಡಿದೆ.

“ನಾ ಹೇಳಿದ್ರ ಆಕಿ ನಿನ್ನ ಹೊರಗ ಹಾಕತಾಳವ್ವಾ. ನೀನ ಹೇಳು,” ಅಂದರು ಮೆಲ್ಲಗೆ. “ಹೇಳಿದ ದಿನ ಫೋನ್ ಮಾಡು. ಬರತೀನಿ.”

ಒಳಗೆ ಬಂದರೆ ಲೋಟ ಬರಿದಾಗಿತ್ತು. ಅಯ್ಯನವರು ಬಿಟ್ಟದ್ದು ಪ್ರಸಾದ — ಕಣ್ಣು ಮುಚ್ಚಿ ಕುಡಿದುಬಿಟ್ಟಿದ್ದಿರಿ. ನೀವು, ಅದನ್ನು.

“ಹುಳಿ ಹೊಡದಿತ್ತು ವಿಮಲಾ,” ಅಂದಿರಿ ಅಳುತ್ತ. “ಅರ್ಪಿಸೂಕಿಂತ ಮೊದಲ ರುಚಿ ನೋಡಬಾರದಲ್ಲ, ತಿಳೀಲೇ ಇಲ್ಲ. ಕೆಟ್ಟದ್ದು ಕೊಟ್ಟೆ ಅಯ್ಯಾರಿಗೆ.”

ಉಳಿದದ್ದನ್ನು ಹಿತ್ತಲಿನ ಹುಳಿಸೊಪ್ಪಿನ ಪುಂಡಿ ಗಿಡಗಳ ಬುಡಕ್ಕೆ ಸುರಿದೆ. ಅದರ ರುಚಿ ನನಗೆ ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಪ್ರಾಯಶ್ಚಿತ್ತವೆಂದು ನೀವು ಹುಳಿಯನ್ನೇ ಬಿಟ್ಟಿರಿ. ಪುಂಡಿಪಲ್ಯ ಇಲ್ಲದೆ ರೊಟ್ಟಿ ಮುರಿಯದವರು! ಹುಣಸೆ ಹೋಯಿತು, ನಿಂಬೆ ಹೋಯಿತು, ಮಜ್ಜಿಗೆಯೂ. ಪ್ರತಿ ಸೋಮವಾರ ಬೆಳ್ಳಿ ಲೋಟ ತಿಕ್ಕಿಟ್ಟು, “ಇವತ್ತರ ಬರತಾರೇನ ಅಯ್ಯಾರು?” ಎಂದು ಬಾಗಿಲು ನೋಡುತ್ತಿದ್ದಿರಿ. ಎದುರಿಗೆ ಕೂತು ನಾನು ಸಪ್ಪೆ ಬೇಳೆಯಲ್ಲಿ ರೊಟ್ಟಿ ಅದ್ದುತ್ತಿದ್ದೆ. ಫೋನು ಕೈಯಳತೆಯಲ್ಲೇ ಇತ್ತು. ಮೊದಲ ವಾರ ಹೇಳಿದ್ದರೆ ವೈನಿನ ಮಾತಷ್ಟೇ ಹೇಳಬೇಕಿತ್ತು. ಎರಡನೆಯ ವಾರ, ಮೊದಲ ವಾರ ಯಾಕೆ ಹೇಳಲಿಲ್ಲ ಎಂದೂ ಹೇಳಬೇಕು. ಹೀಗೇ ವರ್ಷಗಳು… ಹೊರಗೆ ಹಾಕಿಸಿಕೊಳ್ಳಬಾರದೆಂದು ಬಾಯಿ ಮುಚ್ಚಿದವಳಿಗೆ ಈ ಮನೆಯೊಳಗೇ ಉಸಿರಾಡಲು ಜಾಗವಿಲ್ಲದಂತಾಯಿತು.

ಅಯ್ಯನವರು ತೀರಿದ ಸುದ್ದಿ ಬಂದಾಗ ನೀವು ಅಂದದ್ದು ಒಂದೇ — “ತಪ್ಪಾತು ಅನ್ನಾಕೂ ಆಗಲಿಲ್ಲಲ್ಲ ನನಗ.” ಆಗಲಾದರೂ…

ಈಗ ನಿಮಗೆ ಕಣ್ಣು ಕಾಣುವುದಿಲ್ಲ. ಮಾತ್ರೆಯ ಚೀಟಿ, ಪೇಪರು, ವಚನ — ಎಲ್ಲ ನಾನೇ ಓದಬೇಕು. ಈ ಕಾಗದವನ್ನೂ ನಾನೇ. ಬೇಕಾದರೆ ಇವತ್ತೂ ಒಂದು ಸಾಲು ಹಾರಿಸಬಹುದು, ನಿಮಗೆ ತಿಳಿಯುವುದಿಲ್ಲ.

ಒಳಗಿನಿಂದ ಕರೆಯುತ್ತಿದ್ದೀರಿ. “ಮುಂಜಾನಿಂದ ಏನ್ ಬರಿಯಾಕ ಹತ್ತೀ ಟೀಚರಮ್ಮಾ? ನನಗರ ಓದಿ ಹೇಳು.”

ಬಂದೆ, ಅತ್ತಿಗೆ. ಮೊದಲ ಸಾಲಿನಿಂದಲೇ ಓದುತ್ತೇನೆ.