ಯಾರನ್ನೂ ಕೇಳದೆ ತೆಗೆದ ರಕ್ತ

ನಮ್ಮ ಅಕ್ಕ ಮತ್ತು ಅಣ್ಣ ಹುಟ್ಟಿನಿಂದಲೇ ಕಿವುಡರು. ನನಗೊಬ್ಬಳಿಗೆ ಕಿವಿ ಕೇಳುತ್ತದೆ. ಅವ್ವ ಮದುವೆಯಾಗಿದ್ದು ತನ್ನ ಸೋದರಮಾವನನ್ನು. ಹೊಸದುರ್ಗ ತಾಲ್ಲೂಕಿನ ಕುರಿ ಸಾಕುವ ನಮ್ಮಂಥ ಮನೆಗಳಲ್ಲಿ ಅದು ಯಾರೂ ಎತ್ತಿ ಆಡುವ ಸಂಗತಿಯಲ್ಲ. ಮನೆಯಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು. ಬೈಗುಳವೂ ಕೈಯಲ್ಲೇ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಮ್ಮೂರಿಗೆ ಜೀಪೊಂದು ಬಂತು. ನಾನು ಚಿತ್ರದುರ್ಗದ ಕಾಲೇಜಿನಿಂದ ರಜೆಗೆ ಊರಿಗೆ ಬಂದಿದ್ದೆ. ಅಪ್ಪ, ಅಣ್ಣ ಕುರಿಮಂದೆ ಬಿಟ್ಟು ಮನೆಯಲ್ಲಿದ್ದರು, ಯಾಕೆಂದರೆ ಅಕ್ಕನಿಗೂ ಅವ್ವನ ತಮ್ಮನಿಗೂ ಅವತ್ತು ವೀಳ್ಯಶಾಸ್ತ್ರ. ಪಂಚಾಯ್ತಿ ಛೇರ್ಮನ್ನರೇ ಬಾಗಿಲಿಗೆ ಬಂದು, "ದೊಡ್ಡ ಡಾಕ್ಟ್ರು ಬಂದವ್ರೆ, ಎಲ್ಲಾ ಸಾಲೆ ಜಗಲಿಗೆ ಬರ್ರಿ" ಎಂದರು.

"ಯಾಕ್ರಿ?" ಎಂದಳು ಅವ್ವ.

"ರಕ್ತ ತಗಂಡು ನೋಡ್ತಾರಂತೆ. ಔಷಧಿ ಕಳಿಸ್ತಾರಂತೆ. ಮಕ್ಕಳಿಗೆ ಕಿವಿ ಬರ್ತೈತೆ."

ಅವ್ವ ಆಗಲೇ ಎಲ್ಲರನ್ನೂ ಸಾಲೆ ಜಗಲಿಗೆ ಹೊರಡಿಸಿದಳು.

ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ನಾನು ಸನ್ನೆ ಮಾಡಿ ತಿಳಿಸುವ ಮೊದಲೇ ಜೀಪಿನಲ್ಲಿ ಬಂದ ಇಬ್ಬರು ಅವಳ ತೋಳು ಅದುಮಿ ಹಿಡಿದಿದ್ದರು. ಸೂಜಿ ಕಂಡದ್ದೇ ಅವಳು ಕಿರುಚಿಕೊಂಡು ಒಬ್ಬನ ಕೈ ಕಚ್ಚಿದಳು. ಅವನು ನಕ್ಕು ಇನ್ನೂ ಬಿಗಿಯಾಗಿ ಹಿಡಿದ. ಆಮೇಲೆ ಅವಳನ್ನೂ ಅಣ್ಣನನ್ನೂ ಗೋಡೆಗೆ ನಿಲ್ಲಿಸಿ, ಎದುರಿನಿಂದೊಮ್ಮೆ ಪಕ್ಕದಿಂದೊಮ್ಮೆ ಫೋಟೋ ತೆಗೆದರು. ಯಾರಿಗೆ ಯಾರು ಏನಾಗಬೇಕು ಎಂದು ಅಜ್ಜಿ ಮುತ್ತಜ್ಜಿಯವರೆಗೂ ಕೇಳಿದರು. ಮಧ್ಯಾಹ್ನ ನಮ್ಮ ಮನೆಯಲ್ಲೇ ವೀಳ್ಯದ ಹೋಳಿಗೆ ಉಂಡರು. ಅಕ್ಕನನ್ನು ಮಾವನಿಗೇ ಕೊಡುತ್ತಿದ್ದೇವೆ ಎಂದು ಅವ್ವ ಹೇಳಿದಾಗ ದೊಡ್ಡ ಡಾಕ್ಟರು ತಲೆಯಾಡಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಔಷಧಿ ಬರಲಿಲ್ಲ. ರಸ್ತೆಯಲ್ಲಿ ಮೋಟಾರಿನ ಸದ್ದಾದರೆ ಅವ್ವ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಚಿತ್ರದುರ್ಗದ ನಮ್ಮ ಕಾಲೇಜಿನಲ್ಲೇ ಒಂದು ವಿಜ್ಞಾನ ಪ್ರದರ್ಶನ ಏರ್ಪಟ್ಟಿತು. ಗೆಳತಿಯರ ಜೊತೆ ಹೋಗಿದ್ದೆ. ಒಂದು ಗೋಡೆಯ ಮುಂದೆ ಹುಡುಗರು ಗುಂಪುಗಟ್ಟಿ ನಗುತ್ತಿದ್ದರು. ಇಣುಕಿ ನೋಡಿದರೆ ನನ್ನ ಅಕ್ಕ. ಅತ್ತ ಕಣ್ಣಿನ, ಕೆದರಿದ ಕೂದಲಿನ ಅಕ್ಕ, ಪಕ್ಕದಲ್ಲಿ ಅಣ್ಣ. ಕೆಳಗೆ ದಪ್ಪ ಅಕ್ಷರದಲ್ಲಿ 'ರಕ್ತಸಂಬಂಧದ ಮದುವೆಯ ದೋಷಪೂರ್ಣ ಸಂತಾನ' ಎಂದು ಬರೆದಿತ್ತು. ಒಬ್ಬ ಹುಡುಗ ಅಕ್ಕನ ಬಾಯಿಯನ್ನು ಅಣಕಿಸಿ ತೋರಿಸಿದ. ನಾನು ನುಗ್ಗಿ ಆ ಹಾಳೆಯನ್ನು ಕಿತ್ತೆ. ಅರ್ಧ ಹರಿದು ನನ್ನ ಕೈಗೆ ಬಂತು, ಅರ್ಧ ಗೋಡೆಯಲ್ಲೇ ಉಳಿಯಿತು. ಕ್ಷಮೆ ಕೇಳು ಎಂದು ಪ್ರಿನ್ಸಿಪಾಲರು ಗದರಿದರು. ಕೇಳಲಿಲ್ಲ. ಸಂಜೆ ಬಸ್ಸಿಗೆ ಊರಿಗೆ ಹೋಗಿ, ಮರುದಿನ ಅವ್ವನನ್ನು ಕರೆದುಕೊಂಡೇ ಬಂದೆ.

ಪ್ರದರ್ಶನಕ್ಕೆಂದು ಬಂದಿದ್ದ ದೊಡ್ಡ ಡಾಕ್ಟರು ಪ್ರಿನ್ಸಿಪಾಲರ ಕೋಣೆಯಲ್ಲಿದ್ದರು. ಅವ್ವ ಕುರ್ಚಿಯಲ್ಲಿ ಕೂರಲಿಲ್ಲ.

"ನನ್ನ ಮಕ್ಕಳ ಮಖ ಇಲ್ಲಿ ತಗಲಾಕ್ರಿ ಅಂತ ನಿಮಗೆ ಯಾರು ಅಂದ್ರು?"

"ನಿಮ್ಮ ಛೇರ್ಮನ್ನರು ಒಪ್ಪಿದ್ದರಮ್ಮ."

"ಅವ್ರನ್ನ ಹೆತ್ತಿದ್ದು ಛೇರ್ಮನ್ನಾ?"

ಅವರು ಗಡಿಯಾರ ನೋಡಿಕೊಂಡರು. ಅವ್ವ ಬಿಡಲಿಲ್ಲ. "ಔಷಧಿ ಎಲ್ಲೈತೆ?"

"ಇದಕ್ಕೆ ಔಷಧಿ ಇಲ್ಲಮ್ಮ. ನಾವು ಹಾಗೆ ಹೇಳಿಯೇ ಇಲ್ಲ. ಇದು ಸಂಶೋಧನೆ, ನಿಮ್ಮ ಜನರ ಒಳ್ಳೆಯದಕ್ಕೇ."

"ಹಂಗಾರೆ ನಮ್ಮ ರಕ್ತ ವಾಪಸ್ ಕೊಡ್ರಿ."

"ಅದು ಪರದೇಶದ ಲ್ಯಾಬಿಗೆ ಹೋಗಿದೆ" ಎಂದು ಮುಗುಳ್ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಮಾವನಿಗೆ ಕೊಟ್ಟರೆ ಮಕ್ಕಳಿಗೆ ಹೀಗಾಗಬಹುದು ಅಂತ ನಿಮಗೆ ಗೊತ್ತಿತ್ತಲ್ಲ" ಎಂದೆ ನಾನು. "ಅಕ್ಕನ ವೀಳ್ಯದ ಊಟ ಉಂಡಿರಿ. ಒಂದು ಮಾತು ಹೇಳಬಾರದಿತ್ತಾ?"

"ಸಲಹೆ ಕೊಡುವುದು ನಮ್ಮ ಕೆಲಸವಲ್ಲ" ಎಂದರು. ನಮ್ಮಿಂದ ತಿಳಿದುಕೊಳ್ಳುವುದು ಅವರ ಕೆಲಸ, ನಮಗೆ ತಿಳಿಸುವುದು ಯಾರ ಕೆಲಸವೂ ಅಲ್ಲ! ದೂರು ಕೊಡೋಣವೆಂದು ಕಚೇರಿಯಿಂದ ಕಚೇರಿಗೆ ಅಲೆದೆವು. ಕಳ್ಳತನವಾ? ಅಲ್ಲ. ಹೊಡೆದಾಟವಾ? ಅಲ್ಲ. ಹಾಗಾದರೆ ಯಾವ ಕಾನೂನಿನಡಿ ಬರೆದುಕೊಳ್ಳಲಿ ಎಂದು ಒಬ್ಬ ಗುಮಾಸ್ತ ನನ್ನನ್ನೇ ಕೇಳಿದ. ಮನುಷ್ಯರ ಮೈಯಿಂದ ರಕ್ತ ಎಳೆದುಕೊಂಡು ಹೋದವರನ್ನು ಕೇಳುವವರು ಇಡೀ ಜಿಲ್ಲೆಯಲ್ಲಿ ಒಬ್ಬರೂ ಇರಲಿಲ್ಲ.

ಬಸ್ಸಿನಲ್ಲಿ ಅವ್ವ ಒಂದೇ ಮಾತಾಡಿದಳು. "ನನ್ನಿಂದ್ಲೇ ಹಿಂಗಾತಾ, ಮಗಾ?" ಯಾರ ತಪ್ಪೂ ಅಲ್ಲ ಎಂದೆ. ಅವಳು ನಂಬಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಅವಳನ್ನು ಧಾರೆ ಎರೆಯುವಾಗಲೂ ಯಾರೂ ಅವಳನ್ನು ಕೇಳಿರಲಿಲ್ಲ.

ಮನೆಗೆ ಬಂದವಳೇ ಅವ್ವ ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿದ್ದ ಮಾವನಿಗೆ ಹೇಳಿಕಳಿಸಿದಳು; ಅವನು ಬಂದ ದಿನ ಅಕ್ಕನನ್ನೂ ಅವನನ್ನೂ ಎದುರು ಕೂರಿಸಿದಳು. ಕೈಯಲ್ಲಿ ಎಲ್ಲವನ್ನೂ ವಿವರಿಸಿದಳು. ರಕ್ತ, ಮದುವೆ, ಹುಟ್ಟುವ ಮಕ್ಕಳು, ಕಿವಿ. ಗೊತ್ತಾಗದ ಕಡೆ ನಾನು ಸೇರಿಸಿದೆ. ಅಪ್ಪನಿಗೆ ಇದು ಹಿಡಿಸಲಿಲ್ಲ. "ಆಡಿದ ಮಾತು ಮುರಿಯಾಕಾಗಲ್ಲ" ಎಂದು ಎದ್ದುಹೋದ. ಅವ್ವ ಅಕ್ಕನ ಗದ್ದ ಹಿಡಿದೆತ್ತಿ, ನೀನೇ ಹೇಳು ಎಂದು ಸನ್ನೆ ಮಾಡಿದಳು.

ಅಕ್ಕ ಆ ದಿನ ಉಣ್ಣಲಿಲ್ಲ. ಮರುದಿನ ಮಾವನ ಮುಂದೆ ನಿಂತು ಕೈಯಾಡಿಸಿದಳು: ನಮಗೆ ಕಿವುಡು ಮಗು ಹುಟ್ಟಿದರೆ ನೀನು ಮುಖ ತಿರುಗಿಸುತ್ತೀಯಾ? ಮಾವ ಇಲ್ಲ ಎಂದ. ಸರಿ, ಆಗಲಿ ಎಂದಳು. ಎಲ್ಲ ತಿಳಿದೇ ಮದುವೆಯಾದಳು. ಮೊದಲ ಮಗುವಿಗೆ ಕಿವಿ ಕೇಳುತ್ತಿತ್ತು, ಎರಡನೆಯದಕ್ಕೆ ಇಲ್ಲ. ಎರಡನೆಯದು ನಡೆಯುವ ಮೊದಲೇ ಕೈಯಲ್ಲಿ ಹಾಲು ಕೇಳುವುದನ್ನು ಕಲಿಯಿತು. ಯಾರೂ ಅಳಲಿಲ್ಲ.

ಆದರೂ ನನ್ನ ಸಿಟ್ಟು ಇಳಿದಿಲ್ಲ. ಆ ಚಿತ್ರ ಯಾವ ಪುಸ್ತಕದಲ್ಲಿ ಅಚ್ಚಾಯಿತೋ, ಯಾವ ದೇಶದ ತರಗತಿಯಲ್ಲಿ ಯಾರು ನಕ್ಕರೋ ತಿಳಿಯದು. ಈಗ ಕಾನೂನು ಬಂದಿದೆ, ಸಮಿತಿಗಳಿವೆ, ಒಪ್ಪಿಗೆ ಇಲ್ಲದೆ ಯಾರನ್ನೂ ಮುಟ್ಟುವುದಿಲ್ಲ ಎಂದು ಮೊನ್ನೆ ಒಬ್ಬ ಡಾಕ್ಟರು ಹೇಳಿದರು. ಸಂತೋಷ. ಆ ಸಮಿತಿಯಲ್ಲಿ ನನ್ನ ಅವ್ವನಂಥ ಒಬ್ಬಳಾದರೂ ಕೂತಿದ್ದಾಳೆಯೇ ಎಂದು ಕೇಳಿದೆ. ಅವರು ಸಮಿತಿಯಲ್ಲಿರುವ ಡಾಕ್ಟರುಗಳ, ವಕೀಲರ ಹೆಸರು ಹೇಳುತ್ತಾ ಹೋದರು.