ಸಿಪೋರಮ್ಮ ನಮಸ್ಕಾರ ಹೇಳದ ದಿನ

ಸಾರಕ್ಕಿಯ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಸಿಪೋರಮ್ಮ ಬಾಡಿಗೆಗೆ ಇದ್ದಾರೆ. ಮುಂಬೈ ಕಡೆಯ ಯೆಹೂದಿ ಹೆಂಗಸು, ನರ್ಸ್ ಆಗಿದ್ದವರು. ನನ್ನ ಯಜಮಾನರು ಹಾಸಿಗೆ ಹಿಡಿದಾಗ ಕೊನೆಯವರೆಗೂ ಮಗ್ಗುಲು ಹೊರಳಿಸಿ, ಮೈ ಒರೆಸಿದ್ದು ಅವರೇ.

ಮೊನ್ನೆ ಎದುರುಮನೆ ಮೈತ್ರೇಯಿ ವರಮಹಾಲಕ್ಷ್ಮಿ ಪೂಜೆಗೆ ಕರೆಯಲು ಅವರ ಮನೆಗೆ ಹೋದಳು. ನಮಸ್ಕಾರ ಅಂದರೆ ಸಿಪೋರಮ್ಮ ತಲೆಯಾಡಿಸಿದರಂತೆ, ಅಷ್ಟೇ. ನೆಲದಿಂದ ಏಳಲೂ ಇಲ್ಲವಂತೆ. ಮೈತ್ರೇಯಿ ನೇರ ಮೇಲೆ ನನ್ನ ಹತ್ತಿರ ಬಂದಳು.

"ಎಷ್ಟು ಕೊಬ್ಬು ಅವರಿಗೆ, ಅಜ್ಜಿ! ನಮ್ಮ ಪೂಜೆ ಅಂದ್ರೆ ಅಸಡ್ಡೆ. ಮನೆ ಖಾಲಿ ಮಾಡ್ಸಿ, ಇಲ್ಲಾಂದ್ರೆ ಅಸೋಸಿಯೇಷನ್ನಲ್ಲಿ ಹೇಳ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು.

"ಹೇಳಮ್ಮ, ಮೈಕ್ ಹಿಡಿದೇ ಹೇಳು! ಇವತ್ತು ಯೆಹೂದಿಗಳ ದೊಡ್ಡ ದೇವಸ್ಥಾನನ ಶತ್ರುಗಳು ಕೆಡವಿದ ದಿನ. ಎರಡು ಸಾವಿರ ವರ್ಷ ಆಗಿದ್ರೂ ಸಾವಿನ ಮನೆಯವರ ಥರ ನೆಲದ ಮೇಲೆ ಕೂತ್ಕೋತಾರೆ. ಯಾರಿಗೂ ನಮಸ್ಕಾರ ಹೇಳಲ್ಲ. ನಿನ್ನೆ ಸಂಜೆಯಿಂದ ತೊಟ್ಟು ನೀರು ಕುಡಿದಿಲ್ಲ. ಸೂತಕದ ಮನೇಲಿ ನಾವು 'ಹೋಗಿ ಬನ್ನಿ' ಅಂತೀವೇನೇ?"

"ನಮಗೆ ಹೇಗೆ ಗೊತ್ತಾಗ್ಬೇಕು? ಬಾಗಿಲಿಗೆ ಒಂದು ಬೋರ್ಡಾದ್ರೂ ಹಾಕ್ಬೇಕಿತ್ತು."

"ಬೋರ್ಡಂತೆ ಬೋರ್ಡು! ಏಕಾದಶಿಗೆ ರಸ್ತೆ ಅಡ್ಡ ಪೆಂಡಾಲ್ ಹಾಕ್ಸಿ, ಹೊಟ್ಟೆ ತುಂಬ ಸಬ್ಬಕ್ಕಿ ಉಪ್ಪಿಟ್ಟು ತಿಂದು, ಉಪವಾಸ ಅಂತ ಫೋಟೋ ಕಳಿಸಿದೋಳು ನೀನು. ಅವರ ಉಪವಾಸ ಅವರ ದೇವರಿಗೆ ಗೊತ್ತಾದ್ರೆ ಸಾಕು. ಈ ಮನೆ ನಂದು. ಅವರು ಇಲ್ಲೇ ಇರ್ತಾರೆ."

ಮೈತ್ರೇಯಿ ಮುಖ ಊದಿಸಿಕೊಂಡು ಇಳಿದುಹೋದಳು. ಅಸೋಸಿಯೇಷನ್ನವರು ಭಾನುವಾರ ಮೀಟಿಂಗ್ ಕರೆದಿದ್ದಾರಂತೆ. ನನ್ನನ್ನು ಕರೆಯದಿದ್ದರೂ ಹೋಗುತ್ತೇನೆ. ಸಿಪೋರಮ್ಮನನ್ನು ಮುಂದಿನ ಸಾಲಿನಲ್ಲೇ ನನ್ನ ಪಕ್ಕ ಕೂರಿಸಿಕೊಳ್ಳುತ್ತೇನೆ. ಖಾಲಿ ಮಾಡು ಅನ್ನುವವರು ಅವರ ಮುಖ ನೋಡಿಯೇ ಅನ್ನಲಿ.