ಉಡಿದಾರದ ಪಿನ್ನು

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಎಂಬತ್ತರ ದಶಕದಲ್ಲಿ ಬೂದಿಕೋಟೆ ಬಿಟ್ಟು, ಗಣಿಯಲ್ಲಿದ್ದ ತಮ್ಮನಿಗೆ ಬೇಯಿಸಿ ಹಾಕಲು ಕೆಜಿಎಫ್‌ಗೆ ಬಂದಿದ್ದೆ. ಗಣಿಗೆ ಇಳಿಯುವಾಗ ಗೇಟಿನಲ್ಲಿ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು, ಮೇಲೆ ಬಂದು ವಾಪಸ್ಸು ಕೊಡಬೇಕು. ಕೊಡದಿದ್ದರೆ ಆಳು ಇನ್ನೂ ಒಳಗೇ ಇದ್ದಾನೆಂದು ಅರ್ಥ. ತಮ್ಮ ಎರಡು ಸಲ ಬಿಲ್ಲೆ ಕಳೆದಿದ್ದ. ಇನ್ನೊಂದು ಸಲ ತಪ್ಪಾದರೆ ಕೆಲಸ ಹೋಗುತ್ತದೆ ಎಂದು ಗಣಿಯ ಸಾಹೇಬರು ಹೇಳಿದ್ದರು.

ಇಪ್ಪತ್ತರಲ್ಲೇ ಅವನಿಗೆ ಕಿವಿಯಲ್ಲಿ ಯಾರೋ ಮಾತಾಡುವ ಕಾಯಿಲೆ. ಮಾತ್ರೆಗೆ ದನಿಗಳು ಅಡಗಿದವು, ಗಣಿಯೊಳಗೆ ಬಾಗಿಲು ಕಾಯುವ ಹಗುರ ಕೆಲಸವೂ ಸಿಕ್ಕಿತು. ಆದರೆ ಮೂವತ್ತೈದಕ್ಕೇ ಮುದುಕರ ಮರೆವು. ಉಂಡದ್ದೂ ನೆನಪಿರುತ್ತಿರಲಿಲ್ಲ. ಇಂಥ ಕಾಯಿಲೆಯವರ ಮಿದುಳಿಗೆ ಬೇಗ ಮುಪ್ಪು ಬರಬಹುದೆಂದು ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ಹೇಳಿದರು. ಆಗ ನನಗದು ಬರೀ ಸೋಮಾರಿತನವಾಗಿ ಕಂಡಿತ್ತು.

ಅವನ ಉಡಿದಾರಕ್ಕೆ ಒಂದು ಪಿನ್ನು ಹಾಕಿದೆ. "ಬಿಲ್ಲೆ ಕೊಟ್ಟೇಟ್ಗೆ ಇದಕ್ಕೆ ಸಿಗಾಕ್ಕೊ ಕಣ್ಲಾ," ಎಂದು ಬಿಲ್ಲೆಯ ಬದಲು ಬೀಗದ ಕೈ ಕೊಟ್ಟು ಇಪ್ಪತ್ತು ಸಲ ಮಾಡಿಸಿದೆ. ಬಿಚ್ಚಿ ವಾಪಸ್ಸು ಕೊಡುವುದನ್ನು ಮಾಡಿಸಲಿಲ್ಲ.

ಮಾರನೆಯ ಮಧ್ಯಾಹ್ನ ಅವನು ಪಾಳಿ ಮುಗಿಸಿ ಬಂದು ಮುದ್ದೆ ನುಂಗುತ್ತಿದ್ದ. ಅದೇ ಪಾಳಿಯ ಪಕ್ಕದ ಮನೆಯವನು ಓಡಿ ಬಂದ. "ಅಕ್ಕಯ್ಯಾ, ನಿನ್ ತಮ್ಮ ಮೇಲಕ್ ಬಂದಿಲ್ವಂತೆ! ಉಡುಕಾಕೆ ನಾಕು ಜನ ಇಳಿದವ್ರೆ, ಅಲ್ಲಿ ಕಲ್ಲು ಬೇರೆ ಸಿಡೀತೈತೆ..." ಅಷ್ಟರಲ್ಲಿ ತಟ್ಟೆಯ ಮುಂದೆ ಕೂತವನನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತ.

ತಮ್ಮನ ಅಂಗಿ ಎತ್ತಿದೆ. ಪಿನ್ನಿನಲ್ಲಿ ಬಿಲ್ಲೆ. ಅಯ್ಯೋ ನನ್ನ ಕರ್ಮವೇ! ಅವನನ್ನು ಎಳೆದುಕೊಂಡು ಬರಿಗಾಲಲ್ಲಿ ಗೇಟಿಗೆ ಓಡಿದೆ. ಕೆಳಗೆ ಸುದ್ದಿ ಹೋಯಿತು, ಆದರೆ ಎಷ್ಟು ಹೊತ್ತಾದರೂ ಆ ನಾಲ್ವರು ಬರಲಿಲ್ಲ. ನಡುವೆ ಒಮ್ಮೆ ನೆಲ ನಡುಗಿತು. ಯಾರ ಮಕ್ಕಳನ್ನು ಕೊಂದುಬಿಟ್ಟೆನೋ! ಕೊನೆಗೆ ನಾಲ್ವರೂ ಧೂಳು ಮೆತ್ತಿಕೊಂಡು ಮೇಲೆ ಬಂದರು.

"ಈ ಪಿನ್ನು ಯಾರು ಹಾಕಿದ್ದು?" ಸಾಹೇಬರು ಕೇಳಿದರು.

ಆ ನಾಲ್ವರೂ ನನ್ನನ್ನೇ ನೋಡುತ್ತಿದ್ದರು. ಊರಿಗೆಲ್ಲ ಬಾಯಿ ಮಾಡುವ ನಾನು, ಹೇಡಿಯ ಹಾಗೆ ತಲೆ ತಗ್ಗಿಸಿದೆ.

ತಮ್ಮ ನನ್ನನ್ನೊಮ್ಮೆ ನೋಡಿದ. "ನಾನೇ ಸಾರ್. ಅಕ್ಕಂಗೇನೂ ಗೊತ್ತಿಲ್ಲ."

ಅವತ್ತೇ ಅವನ ಕೆಲಸ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಕೇಳಿದ:

"ಅಕ್ಕಾ, ನಾನು ಉಂಡ್ನಾ?"

"ಇಲ್ಲ ಕಣ್ಲಾ, ಬಾ," ಎಂದೆ.